ನಡುವಿನ ಎರಡು ದಿನ

ಮಗು ಮಾತು ಕಲಿಯಿತೆಂದರೆ ಎಲ್ಲ ಊರಿನಲ್ಲೂ ಸಂಭ್ರಮ. ನಮ್ಮ ಶೂಫ್ ಬೆಟ್ಟದಲ್ಲಿ ಆ ಸಂಭ್ರಮದ ಜೊತೆ ಸಣ್ಣದೊಂದು ಅಳುಕೂ ಇರುತ್ತದೆ. ಮಗು ಯಾರ ಮಾತು ಆಡೀತೋ ಮೊದಲೇ ಹೇಳಲು ಬರುವುದಿಲ್ಲ.

ನಜ್ಲಾಳ ಮಗಳು ಲಮಿಯಾಗೆ ನಾಲ್ಕೂವರೆ ದಾಟಿತ್ತು. ಅಲ್ಲಿಯವರೆಗೆ ಬೆಕ್ಕು, ಹಾಲು, ಅಪ್ಪನ ಬೂಟು ಎಂದುಕೊಂಡು ಎಲ್ಲ ಮಕ್ಕಳ ಹಾಗೇ ಇದ್ದಳು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಜ್ಲಾ ಅಂಗಳದಲ್ಲಿ ಉಬ್ಬುಕಾವಲಿಯ ಮುಂದೆ ಕುಳಿತು ರೊಟ್ಟಿ ಸುಡುತ್ತಿದ್ದಾಗ, ಪಕ್ಕದಲ್ಲಿ ಮಂಡಿಗೆ ಗಲ್ಲ ಆನಿಸಿ ಕುಳಿತಿದ್ದ ಹುಡುಗಿ ಹೇಳಿದಳು:

"ನಮ್ಮಮ್ಮ ಹೀಗೆ ಮಾಡಲ್ಲ."

ನಜ್ಲಾ ಹಿಟ್ಟನ್ನು ದಿಂಬಿನ ಮೇಲೆ ಎಳೆದು ತೆಳ್ಳಗೆ ಮಾಡುತ್ತಿದ್ದಳು. "ನಿಮ್ಮಮ್ಮ ನಾನೇ ಅಲ್ವೇನೇ. ನಾನು ಮಾಡೋದು ಹೀಗೇನೇ."

"ನೀನಲ್ಲ. ನೀನು ನಜ್ಲಾ. ನಮ್ಮಮ್ಮ ರೊಟ್ಟಿ ಮೇಲೆ ಎಳ್ಳು ಉದುರಿಸ್ತಾಳೆ."

ಕಾವಲಿಯ ಮೇಲಿದ್ದ ರೊಟ್ಟಿ ಸೀದುಹೋಯಿತು. ನಜ್ಲಾ ಅದನ್ನು ಕಿತ್ತು ಕೋಳಿಗೆ ಎಸೆದಳು. ಒಂಬತ್ತು ವರ್ಷ ಕಾದು ಹೆತ್ತ ಮಗು ಅದು. ಮೂರು ಸಲ ಬಸಿರು ನಿಂತು ನಿಲ್ಲದೆ ಹೋಗಿತ್ತು. ಅತ್ತೆಯ ಕೊಂಕು ಮಾತು, ನೆರೆಯವರ ಮರುಕ ಎರಡನ್ನೂ ನುಂಗಿಕೊಂಡು, ಎತ್ತರದ ದರ್ಗಾಗಳಿಗೆ ಬರಿಗಾಲಲ್ಲಿ ನಡೆದು ಪಡೆದ ಮಗಳು ಇಂದು ಹೆಸರು ಹಿಡಿದು ಕರೆಯುತ್ತಿದ್ದಾಳೆ.

ಜಗುಲಿಯ ಮೇಲೆ ಬೇಳೆ ಆರಿಸುತ್ತಿದ್ದ ಅತ್ತೆಗೆ ಎಪ್ಪತ್ತರಲ್ಲೂ ಕಿವಿ ಚುರುಕು. ಹಿರಿಮಗನ ಹೆಸರಿನಿಂದ ಊರೆಲ್ಲ ಉಮ್ ಶಾಹೀನ್ ಎಂದು ಕರೆಯುವ ಆ ಮುದುಕಿ ತಟ್ಟೆ ಪಕ್ಕಕ್ಕಿಟ್ಟು, ಬಿಳಿ ಮುಸುಕು ಸರಿಮಾಡಿಕೊಂಡು ಎದ್ದು ಬಂದಳು.

"ಏನಂದೆ ಪುಟ್ಟಿ? ಇನ್ನೊಂದು ಸಲ ಹೇಳು."

"ಏನೂ ಅಂದಿಲ್ಲ ಅತ್ತೆ. ನಿದ್ದೆಗಣ್ಣಲ್ಲಿ ಏನೋ ಬಡಬಡಿಸ್ತು" ಎಂದಳು ನಜ್ಲಾ.

"ಹೊತ್ತು ಇಷ್ಟು ಏರಿದೆ, ಎಲ್ಲಿಯ ನಿದ್ದೆಗಣ್ಣು? ಹುಡುಗಿ ಹಿಂದಿನ ಜನ್ಮ ನುಡಿದಳು ಕಣೇ. ನಮ್ಮ ಮನೇಲೂ ಒಂದು ಮಗು ನುಡೀತು." ಮುದುಕಿ ಜೇಬಿನಿಂದ ಒಣದ್ರಾಕ್ಷಿ ತೆಗೆದಳು. "ನಿಮ್ಮಮ್ಮನ ಹೆಸರೇನು ಮಗಳೇ?"

ಲಮಿಯಾ ದ್ರಾಕ್ಷಿ ಬಾಯಿಗೆ ಹಾಕಿಕೊಂಡು, "ಬದ್ರಿಯಾ" ಎಂದಳು.

ಆ ದಿನ ಸಂಜೆಯೊಳಗೆ ಅರ್ಧ ಸೇರು ಒಣದ್ರಾಕ್ಷಿ ಖರ್ಚಾಯಿತು. ಅಷ್ಟಕ್ಕೆ ಮುದುಕಿ ಗಳಿಸಿದ್ದು ಇಷ್ಟು: ಊರು ಕಫರ್ ಸರ್ವ್. ಮನೆ ಮುಂದೆ ಎರಡು ದಾಳಿಂಬೆ ಗಿಡ. ತನ್ನ ಹೆಸರು ನುಹಾದ್. ತುಂಬಾ ಹಿಮ ಬಿದ್ದಿತ್ತು. ಮಣ್ಣಿನ ಮಾಳಿಗೆ ಸೋರಬಾರದೆಂದು ಹಿಮ ತಳ್ಳಿ, ಉರುಳುಗಲ್ಲು ಉರುಳಿಸಲು ಮೇಲೆ ಹತ್ತಿದಳು. ಕಾಲು ಜಾರಿತು.

ಊಟಕ್ಕೆ ಕುಳಿತಾಗ ಮುದುಕಿ ಇದನ್ನೆಲ್ಲ ಮಗನ ಮುಂದೆ ಹರವಿದಳು. ಶಾಹೀನ್ ಗಾರೆ ಕೆಲಸದವನು, ದಿನವಿಡೀ ಕಲ್ಲು ಎತ್ತಿ ಬಂದವನು. ಈರುಳ್ಳಿ ಕಚ್ಚುತ್ತ, ಬೇಳೆ ಬೆರೆಸಿದ ಗೋಧಿನುಚ್ಚಿನ ಅನ್ನವನ್ನು ರೊಟ್ಟಿಯಲ್ಲಿ ಬಾಚುತ್ತ ಕೇಳಿಸಿಕೊಂಡ.

"ಕಫರ್ ಸರ್ವ್ ಅಂದ್ರೆ ಆಚೆ ಕಣಿವೆ. ಇವಳು ಅಲ್ಲಿಗೆ ಯಾವತ್ತೂ ಹೋಗಿಲ್ಲವಲ್ಲ."

"ಅದನ್ನೇ ನಾನೂ ಹೇಳ್ತಿರೋದು" ಎಂದಳು ತಾಯಿ. "ನಾಳೆ ಗುರುವಾರ. ಪ್ರಾರ್ಥನೆಗೆ ಆ ಕಡೆಯ ಹೆಂಗಸರೂ ಬರ್ತಾರೆ. ವಿಚಾರಿಸ್ತೀನಿ."

"ಯಾಕೆ ವಿಚಾರಿಸಬೇಕು? ಮಗು ಬೆಳೀತಾ ಮರೀತಾಳೆ" ಎಂದಳು ನಜ್ಲಾ. "ನಮ್ಮ ದೊಡ್ಡಪ್ಪನ ಮಗ ನುಡಿದಿದ್ದ. ಏಳು ವರ್ಷಕ್ಕೆ ಎಲ್ಲ ಮರೆತ. ಈಗ ಕೇಳಿದ್ರೆ ನಾಚಿಕೋತಾನೆ."

"ನೀನು ಮರೀಲಿ ಅಂತೀಯ. ಅಲ್ಲಿ ಒಬ್ಬಳು ಹೆತ್ತ ಕರುಳು ಹಿಡಕೊಂಡು ಕೂತಿರ್ತಾಳಲ್ಲ, ಅವಳು ಏನು ಮಾಡ್ಬೇಕು?" ಮುದುಕಿ ಮೊಮ್ಮಗಳ ಕಡೆ ತಿರುಗಿದಳು. "ಕೇಳು ಪುಟ್ಟಿ. ಈಜಿಪ್ಟಿನ ದೊರೆ ಕಾಲದಲ್ಲಿ ನಮ್ಮ ಮತಕ್ಕೆ ಬನ್ನಿ ಅಂತ ಕರೆ ಬಂತು. ಓಗೊಟ್ಟವರು ಒಳಗೆ ಬಂದ್ರು. ಆಮೇಲೆ ಬಾಗಿಲು ಮುಚ್ಚಿಬಿಟ್ರು. ಒಂಬೈನೂರು ವರ್ಷ ಆಯ್ತು. ಹೊಸಬರು ಬರೋ ಹಾಗಿಲ್ಲ, ಇದ್ದವರು ಹೋಗೋ ಹಾಗಿಲ್ಲ. ಅಟ್ಟಿಸಿಕೊಂಡು ಬಂದವರ ಕೈಗೆ ಸಿಗದ ಹಾಗೆ ಈ ಬೆಟ್ಟ ಹತ್ತಿದ್ವಿ. ಅವತ್ತಿನಿಂದ ಇದ್ದ ನಾವು ನಾವೇ ಮೈ ಅನ್ನೋ ಅಂಗಿ ಬದಲಾಯಿಸ್ಕೊಂಡು ಓಡಾಡ್ತಿದ್ದೀವಿ. ಒಂದು ಅಂಗಿ ಹರಿದ ಗಳಿಗೆಗೇ ಇನ್ನೊಂದು. ನಡುವೆ ಬೆತ್ತಲೆ ನಿಲ್ಲೋ ಹಾಗಿಲ್ಲ."

"ನನ್ನ ನೀಲಿ ಅಂಗಿ ಅಲ್ಲೇ ಇದೆ" ಎಂದಳು ಲಮಿಯಾ.

ನಜ್ಲಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಂದು ಆ ಮನೆಯಲ್ಲಿ ತಟ್ಟೆಗಳು ಬೇಕಾದ್ದಕ್ಕಿಂತ ಜಾಸ್ತಿ ಸದ್ದು ಮಾಡಿದವು.

ಮರುದಿನ ಅವಳು ಮೊದಲು ಮಾಡಿದ ಕೆಲಸ ರೊಟ್ಟಿಗೆ ಎಳ್ಳು ಉದುರಿಸಿದ್ದು. ಬೆಣ್ಣೆ ಸವರಿ, ದ್ರಾಕ್ಷಿಯ ಜೋನಿಬೆಲ್ಲ ಹಚ್ಚಿ, ಸುರುಳಿ ಸುತ್ತಿ ಮಗಳ ಕೈಗೆ ಕೊಟ್ಟು ಎದುರಿಗೇ ಕುಳಿತಳು. ಲಮಿಯಾ ಒಂದು ತುತ್ತು ಕಚ್ಚಿ, ಅಗಿದು, ನೆಲ ನೋಡಿದಳು.

"ಚೆನ್ನಾಗಿದೆಯಾ?"

"ಚೆನ್ನಾಗಿದೆ. ಅವಳದು ಕಪ್ಪು ಎಳ್ಳು."

ಒಬ್ಬ ಹೆಂಗಸಿನ ಮುಖ ನೋಡದೆ, ದನಿ ಕೇಳದೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸವೆಂದು ನಜ್ಲಾಗೆ ಆ ವಾರ ತಿಳಿಯಿತು. ಅವಳು ದಪ್ಪಗಿದ್ದಾಳೋ ಸಣ್ಣಗಿದ್ದಾಳೋ, ಬಾಯಿಬಡುಕಿಯೋ ಗುಮ್ಮನಗುಸುಕಿಯೋ ಒಂದೂ ಗೊತ್ತಿಲ್ಲ. ಬಯ್ಯೋಣವೆಂದರೆ ಹಿಡಿದುಕೊಳ್ಳಲು ಜುಟ್ಟಿಲ್ಲ. ಕೊನೆಗೆ ಅವಳ ರೊಟ್ಟಿಯನ್ನೇ ಬಯ್ದುಕೊಂಡಳು. ಕಪ್ಪು ಎಳ್ಳು ಹಾಕಿದರೆ ಕಹಿಯಾಗದೆ ಇರುತ್ತದೆಯೇ, ಇವಳೆಂಥ ಅಡುಗೆಯವಳು ಎಂದು.

ಹತ್ತನೇ ದಿನ ಬದ್ರಿಯಾ ಬಂದೇಬಿಟ್ಟಳು. ಜೊತೆಗೆ ಅಣ್ಣ ಶೇಖ್ ಮುಫೀದ್, ಬಿಳಿ ರುಮಾಲಿನ, ಮೆಲುಮಾತಿನ ಮುದುಕ. ಗಂಡ ಸತ್ತು ಬಹಳ ಕಾಲವಾದ ಬದ್ರಿಯಾಗೆ ನುಹಾದ್ ಒಬ್ಬಳೇ ಮಗಳು. ಮದುವೆ ಗೊತ್ತಾಗಿದ್ದ ಹುಡುಗಿ ಹತ್ತೊಂಬತ್ತಕ್ಕೆ ಹೋಗಿದ್ದಳು. ಗಂಡು ಮಕ್ಕಳಿಲ್ಲದ್ದರಿಂದ ಅವಳ ಊರಿನಲ್ಲಿ ಅವಳನ್ನು ಈಗಲೂ ಉಮ್ ನುಹಾದ್ ಎಂದೇ ಕರೆಯುತ್ತಿದ್ದರು.

ಅವಳಾದರೂ ಗಯ್ಯಾಳಿಯಾಗಿದ್ದಿದ್ದರೆ ನಜ್ಲಾಗೆ ಎಷ್ಟೋ ಸಲೀಸಾಗುತ್ತಿತ್ತು. ಬಂದವಳು ಮಗುವಿನ ಮೇಲೆ ಬೀಳಲಿಲ್ಲ, ಅಳಲಿಲ್ಲ. ಬಾಗಿಲ ಬಳಿಯ ಹಾಸಿನ ಮೇಲೆ ಕುಳಿತು, ಬುಟ್ಟಿಯನ್ನು ಮುಂದೆ ಸರಿಸಿ, "ನಮ್ಮ ಮನೇದು, ಸ್ವಲ್ಪ ರೊಟ್ಟಿ" ಎಂದಳು, ಅಷ್ಟೇ. ಬಟ್ಟೆ ಸರಿಸಿದರೆ ರೊಟ್ಟಿಯ ಮೇಲೆ ಕಪ್ಪಗಿದ್ದದ್ದು ಎಳ್ಳಲ್ಲ, ಕರಿಜೀರಿಗೆ.

ಅತ್ತೆ ಸೋರೆಬುರುಡೆಗೆ ಚಹಾದಂಥ ಎಲೆ ತುಂಬಿ, ಬಿಸಿನೀರು ಹೊಯ್ದು, ಹೀರುಗೊಳವೆಯ ತುದಿಗೆ ನಿಂಬೆಸಿಪ್ಪೆ ತಿಕ್ಕಿ ಶೇಖ್ ಮುಫೀದರ ಕೈಗೆ ಕೊಟ್ಟಳು. ಬುರುಡೆ ಒಬ್ಬರಿಂದ ಒಬ್ಬರಿಗೆ ಸುತ್ತಿತು. ಹವೆ, ಆಲಿವ್ ಫಸಲು, ಯಾರ ಮೊಣಕಾಲು ನೋವು ಎಂಬ ಮಾತುಗಳೆಲ್ಲ ಮುಗಿದವು. ಲಮಿಯಾ ಅಪ್ಪನ ಬೆನ್ನ ಹಿಂದಿನಿಂದ ನೋಡುತ್ತಲೇ ಇದ್ದಳು. ಆಮೇಲೆ ಯಾರೂ ಕರೆಯದೆ ಎದ್ದು ಹೋಗಿ ಬದ್ರಿಯಾಳ ಮಂಡಿಯ ಮೇಲೆ ಕೈಯಿಟ್ಟಳು.

"ನನ್ನ ನೀಲಿ ಅಂಗಿ ಯಾರಿಗೆ ಕೊಟ್ಟೆ?"

ಬದ್ರಿಯಾಳ ತುಟಿ ಬಿಳಿಚಿತು. "ಮಾವನ ಮಗಳಿಗೆ ಕೊಟ್ಟೆ, ಕಂದ."

"ಯಾಕೆ ಕೊಟ್ಟೆ? ನಾನಿನ್ನೂ ಹಾಕಿರಲಿಲ್ಲ."

"ತಪ್ಪಾಯ್ತು" ಎಂದಳು ಬದ್ರಿಯಾ. "ನೀನು ಬರ್ತೀಯ ಅಂತ ಗೊತ್ತಿರಲಿಲ್ಲ."

ಹುಡುಗಿ ಅವಳ ತೊಡೆಯೇರಿ ಕುಳಿತಳು. "ಅಮ್ಮ, ರೊಟ್ಟಿ ಕೊಡು" ಎಂದಳು.

ಅತ್ತೆ ಮುಸುಕಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಈ ಒಂದು ಪದಕ್ಕಾಗಿ ನಜ್ಲಾ ಒಂಬತ್ತು ವರ್ಷ ಕಾದಿದ್ದಳು. ಇವಳು ಬುಟ್ಟಿ ತುಂಬ ರೊಟ್ಟಿ ತಂದು ಅರ್ಧ ಗಂಟೆಯಲ್ಲಿ ಕೊಂಡುಹೋದಳು.

ಶೇಖ್ ಮುಫೀದ್ ಬುರುಡೆ ಕೆಳಗಿಟ್ಟು ಕೇಳಿದರು: "ಒಂದೇ ಒಂದು ವಿಷಯ ಖಾತ್ರಿ ಆಗ್ಬೇಕು. ನಮ್ಮ ಹುಡುಗಿ ಹೋದದ್ದು ಆ ದೊಡ್ಡ ಹಿಮದಲ್ಲಿ, ಶುಕ್ರವಾರ ಬೆಳಿಗ್ಗೆ. ನಿಮ್ಮ ಮಗು ಹುಟ್ಟಿದ್ದು ಯಾವತ್ತು?"

ಎಲ್ಲರೂ ನಜ್ಲಾಳ ಕಡೆ ನೋಡಿದರು. ನೋಡಲೇಬೇಕಿತ್ತು. ಹೆರಿಗೆಯಾದದ್ದು ಮೇಲಿನ ಬೆಟ್ಟದ ತವರಿನಲ್ಲಿ. ದಾರಿ ಮುಚ್ಚಿ ಒಂದು ವಾರ ಯಾರೂ ಹೋಗಲಿಲ್ಲ, ಬರಲಿಲ್ಲ. ಹಿಮ ಕರಗಿದ ಮೇಲೆ ಶಾಹೀನ್ ಹೋಗಿ ನೋಡಿದಾಗ ಮಗುವಿಗೆ ಹೊಕ್ಕುಳ ಬಿದ್ದಿತ್ತು. ಕಚೇರಿಯಲ್ಲಿ ಗುಮಾಸ್ತ ಕೈಗೆ ಬಂದ ತಾರೀಕು ಬರೆದುಕೊಂಡಿದ್ದ. ನಜ್ಲಾಳ ತಾಯಿ ತೀರಿಹೋಗಿದ್ದಳು, ಸೂಲಗಿತ್ತಿಯೂ ಕೂಡ.

ಶುಕ್ರವಾರ ಬೆಳಿಗ್ಗೆ ಹುಟ್ಟಿದ್ದಳು ಲಮಿಯಾ. ಕೋಳಿ ಕೂಗಿದ ಸ್ವಲ್ಪ ಹೊತ್ತಿಗೆ. ನಜ್ಲಾಗೆ ಅದು ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು.

"ಭಾನುವಾರ" ಎಂದಳು.

"ಭಾನುವಾರವಾ?"

"ಭಾನುವಾರ ಸಂಜೆ."

ಶೇಖರು ಬೆರಳು ಮಡಿಸಿ ಎಣಿಸಿದರು. ಎಣಿಸುವಂಥ ಲೆಕ್ಕವೇನೂ ಅಲ್ಲ ಅದು, ಎರಡೇ ದಿನ. ಆದರೆ ಆತ್ಮ ಎರಡು ಗಳಿಗೆಯೂ ಅಂಗಿಯಿಲ್ಲದೆ ನಿಲ್ಲುವುದಿಲ್ಲ ಎಂಬುದು ಬೆಟ್ಟದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಜ್ಲಾ ಉಸಿರು ಬಿಗಿಹಿಡಿದು ಕುಳಿತಳು. ಈಗ ಇವರು ಏಳುತ್ತಾರೆ. ತಪ್ಪಾಯಿತು, ನಮ್ಮ ಮಗಳಲ್ಲ ಎನ್ನುತ್ತಾರೆ. ಬುಟ್ಟಿ ಎತ್ತಿಕೊಂಡು ಹೊರಡುತ್ತಾರೆ.

ಯಾರೂ ಏಳಲಿಲ್ಲ.

"ಮಗು ಹೇಳಿದ್ದೆಲ್ಲ ಸರಿಯಾಗಿದೆ" ಎಂದರು ಶೇಖರು ನಿಧಾನವಾಗಿ. "ಹಾಗಿದ್ರೆ ನಡುವೆ ಇನ್ನೊಂದು ಜನ್ಮ ಆಗಿರಬೇಕು. ಎರಡು ದಿನದ್ದು."

"ಅಂದ್ರೆ?" ಎಂದಳು ಬದ್ರಿಯಾ.

"ಎಲ್ಲೋ ಒಂದು ಮನೇಲಿ ಶುಕ್ರವಾರ ಹುಟ್ಟಿ, ಭಾನುವಾರ ಹೋಗಿರಬೇಕು. ಆಮೇಲೆ ಇಲ್ಲಿಗೆ."

ಬದ್ರಿಯಾ ತೊಡೆಯ ಮೇಲಿನ ಮಗುವನ್ನು ನೋಡಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಅತ್ತಳು. "ಅಯ್ಯೋ ನನ್ನ ಕಂದ. ಮಾಳಿಗೆಯಿಂದ ಬಿದ್ದದ್ದು ಸಾಲದು ಅಂತ ಎರಡನೇ ಸಲವೂ ಸತ್ತೆಯಾ? ಆ ಚಳೀಲಿ?"

ಹೋಗುವಾಗ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು. ಮತ್ತೆ ಬರುವವರು ಬುಟ್ಟಿ ಬಿಟ್ಟು ಹೋಗುವುದು ನಮ್ಮ ಕಡೆಯ ರೂಢಿ.

ಅಕ್ಟೋಬರಿನಲ್ಲಿ ಆಲಿವ್ ಕೊಯ್ಲು ಶುರುವಾಯಿತು. ಮನೆಯವರೆಲ್ಲ ಬೆಳಿಗ್ಗೆ ತೋಟಕ್ಕೆ ಇಳಿದು ಮರದ ಕೆಳಗೆ ಬಟ್ಟೆ ಹಾಸಿ, ಕೋಲಿನಿಂದ ಕೊಂಬೆ ಬಡಿದು, ಕಾಯಿ ಆಯುತ್ತಿದ್ದರು. ಬದ್ರಿಯಾ ಪ್ರತಿ ಮಂಗಳವಾರ ಬರುತ್ತಿದ್ದಳು. ಬಂದವಳು ಕೈಕಟ್ಟಿ ಕೂರುತ್ತಿರಲಿಲ್ಲ, ಕೋಲು ಹಿಡಿದು ನಜ್ಲಾಗಿಂತ ಎತ್ತರದ ಕೊಂಬೆಗಳನ್ನು ಬಡಿಯುತ್ತಿದ್ದಳು. ಅದೂ ನಜ್ಲಾಗೆ ಸೇರದು.

"ಅಮ್ಮ ಜೋರಾಗಿ ಬಡೀತಾಳೆ" ಎಂದಳು ಲಮಿಯಾ ಒಂದು ದಿನ. "ನಜ್ಲಾ ಮೆಲ್ಲಗೆ ಬಡೀತಾಳೆ."

"ಮೆಲ್ಲಗೆ ಬಡಿದ್ರೆ ಕೊಂಬೆ ಮುರಿಯಲ್ಲ" ಎಂದಳು ನಜ್ಲಾ.

"ಅದು ನಿಜ" ಎಂದಳು ಬದ್ರಿಯಾ. "ನಿಮ್ಮಮ್ಮನ ಹಾಗೆ ಬಡೀಬೇಕು ಪುಟ್ಟಿ. ನಾನು ಒರಟಿ." ಆಮೇಲೆ ನಜ್ಲಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ನಿನ್ನನ್ನ ಅಮ್ಮ ಅನ್ನು ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ನುಹಾದೂ ಹೀಗೇ ಹಟಮಾರಿ. ಬೇಜಾರು ಮಾಡ್ಕೋಬೇಡ ತಂಗಿ."

ಸವತಿ ಒಳ್ಳೆಯವಳಾದರೆ ಸಂಕಟ ಎರಡು ಪಟ್ಟು. ಅವಳನ್ನು ಬಯ್ಯಲೂ ಆಗದೆ, ಮೆಚ್ಚಲೂ ಆಗದೆ ನಜ್ಲಾ ಕೆಳಗೆ ಬಗ್ಗಿ ಕಾಯಿ ಆಯ್ದಳು.

ಉಳಿದ ದಿನಗಳಲ್ಲಿ ಬದ್ರಿಯಾ ಏನು ಮಾಡುತ್ತಿದ್ದಾಳೆಂಬುದು ಎಣ್ಣೆಗಾಣದ ಹೆಂಗಸರಿಂದ ತಿಳಿಯಿತು. ಅವಳು ಊರೂರು ಅಲೆಯುತ್ತಿದ್ದಳು. ಕೈಯಲ್ಲಿ ಒಂದು ಗಂಟು ರೊಟ್ಟಿ. ಬಾಗಿಲು ಬಾಗಿಲಿಗೆ ನಿಂತು ಕೇಳುವುದು ಒಂದೇ ಮಾತು: ದೊಡ್ಡ ಹಿಮದ ವರ್ಷ ನಿಮ್ಮ ಮನೆಯಲ್ಲಿ ಎರಡು ದಿನದ ಹೆಣ್ಣುಕೂಸು ತೀರಿಕೊಂಡಿತ್ತಾ?

"ಹುಚ್ಚಾ ಅವಳಿಗೆ?" ಎಂದಳು ನಜ್ಲಾ ಅತ್ತೆಯೊಡನೆ. ಇಬ್ಬರೂ ಕಾಯಿಗಳನ್ನು ಕಲ್ಲಿನಿಂದ ಜಜ್ಜಿ ಉಪ್ಪುನೀರಿಗೆ ಹಾಕುತ್ತಿದ್ದರು. "ಸಿಕ್ಕಿದ್ರೆ ಏನು ಮಾಡ್ತಾಳಂತೆ?"

"ಕೂತು ಅಳ್ತಾಳಂತೆ. ಜೊತೆಗೆ ರೊಟ್ಟಿ ತಿಂತಾಳಂತೆ. ಎರಡು ದಿನ ನನ್ನ ಮಗಳನ್ನ ಎದೆಗಪ್ಪಿಕೊಂಡವಳು ಯಾರೋ, ಅವಳಿಗೆ ನಾನು ಋಣಿ ಅಂತಾಳೆ." ಮುದುಕಿ ಒಂದು ಕಾಯಿ ಜಜ್ಜಿದಳು. "ಅಂಥ ಹೆಂಗಸರು ಈಗ ಎಲ್ಲಿದ್ದಾರೆ ಹೇಳು."

ಆ ಹಿಮದಲ್ಲಿ ಕೂಸು ಸಾಯದ ಊರೇ ಇರಲಿಲ್ಲ ಎಂಬುದು ನಜ್ಲಾಗೆ ಹೊಳೆದದ್ದು ಆಮೇಲೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ಸಿಕ್ಕಿತು.

ಹೆಸರು ಗಾಲಿಯಾ. ಕಣಿವೆಯ ತುದಿಯ ಮಜ್ದಲ್ ತೀನ್ ಊರಿನವಳು. ನಾಲ್ಕು ಗಂಡುಮಕ್ಕಳ ಮೇಲೆ ಹುಟ್ಟಿದ ಒಂದೇ ಹೆಣ್ಣು, ಶುಕ್ರವಾರ ಹುಟ್ಟಿ ಭಾನುವಾರ ಹೋಗಿತ್ತು. ಬದ್ರಿಯಾ ಈ ಸುದ್ದಿ ತಂದ ಮಂಗಳವಾರ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದಳು.

"ಮುಂದಿನ ಭಾನುವಾರ ಅವಳನ್ನ ಕರ್ಕೊಂಡು ಬರ್ತೀನಿ. ಒಂದು ಸಲ ನೋಡ್ಬೇಕಂತೆ. ನೀವು ಒಪ್ಪಿದ್ರೆ."

"ಒಪ್ಪದೆ ಏನು? ನಮ್ಮ ಭಾಗ್ಯ" ಎಂದಳು ಅತ್ತೆ, ಸೊಸೆಯ ಮುಖ ನೋಡದೆ.

ಒಬ್ಬಳನ್ನು ಹೊರಗಟ್ಟಲು ಹೋಗಿ ಇನ್ನೊಬ್ಬಳನ್ನು ಒಳಗೆ ಕರೆದುಕೊಂಡದ್ದಾಯಿತು. ಹಾಲಿಗೆ ಬಂದ ಬೆಕ್ಕನ್ನು ಓಡಿಸಲು ಹೋಗಿ ಗಡಿಗೆಯನ್ನೇ ಒದ್ದ ಹಾಗೆ. ನಜ್ಲಾ ಆ ದಿನ ಬಟ್ಟೆಗಳನ್ನು ಒಗೆಯುವ ಕಲ್ಲಿಗೆ ಬಡಿದದ್ದು ನೋಡಿದ್ದರೆ ಲಮಿಯಾ ಅವಳನ್ನು ಮೆಲ್ಲಗೆ ಬಡಿಯುವವಳು ಎನ್ನುತ್ತಿರಲಿಲ್ಲ.

ಶುಕ್ರವಾರ ಶಾಹೀನ್ ಎಣ್ಣೆಗಾಣದಿಂದ ಡಬ್ಬಗಳನ್ನು ಹೊತ್ತು ಬಂದ. ಡಬ್ಬ ಇಳಿಸಿದವನು ಕೈಕಾಲೂ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಗಾಣದಲ್ಲಿ ನಿಮ್ಮಣ್ಣ ಸಿಕ್ಕಿದ್ದ."

"ಹಾನಿ ಅಣ್ಣನಾ? ಚೆನ್ನಾಗಿದ್ದಾನಾ?" ನಜ್ಲಾ ಈರುಳ್ಳಿ ಹೆಚ್ಚುತ್ತಿದ್ದಳು.

"ಚೆನ್ನಾಗಿದ್ದಾನೆ. ಲಮಿಯಾ ವಿಷಯ ಬಂತು. ಅವನಂದ, ಶುಕ್ರವಾರ ಬೆಳಗ್ಗೆ ಕತ್ತಲಿರೋವಾಗ ಸೂಲಗಿತ್ತಿನ ಬೆನ್ನ ಮೇಲೆ ಹೊತ್ಕೊಂಡು ಸೊಂಟದುದ್ದ ಹಿಮದಲ್ಲಿ ಬಂದೆ ಅಂತ. ಅವಳು ಒಳಗೆ ಕಾಲಿಟ್ಟಳು, ಮಗು ಅತ್ತಿತು ಅಂತ."

ಚಾಕು ನಿಂತಿತು.

"ಅವನಿಗೆ ಸರಿಯಾಗಿ ನೆನಪಿಲ್ಲ."

"ಹೆಂಗಸನ್ನ ಬೆನ್ನ ಮೇಲೆ ಹೊತ್ತವನು ಆ ದಿನ ಮರೀತಾನಾ? ನಜ್ಲಾ, ನನ್ನ ಮುಖ ನೋಡು. ಯಾವತ್ತು?"

ಅವಳು ಮುಖ ನೋಡಲಿಲ್ಲ. ಈರುಳ್ಳಿ ಒಂದು ನೆಪವಾಗಿ ಕಣ್ಣಲ್ಲಿ ನೀರು ಬಂತು. "ಶುಕ್ರವಾರ."

"ಯಾಕೆ ಹಾಗಂದೆ?"

"ಯಾಕೆ ಅಂತ ನೀನು ಕೇಳ್ತೀಯಾ? ನಿನ್ನನ್ನ ಅಪ್ಪ ಅಂತಾಳೆ. ನಿಮ್ಮಮ್ಮನ್ನ ಅಜ್ಜಿ ಅಂತಾಳೆ. ನಾನೊಬ್ಬಳೇ ನಜ್ಲಾ. ಈ ಮನೇಲಿ ಕೂಲಿಯವಳನ್ನ ಕರೆದ ಹಾಗೆ. ನಿನ್ನ ಪಾಲಿಗೆ ಯಾರೂ ಬಂದಿಲ್ಲ ಶಾಹೀನ್, ನನ್ನ ಪಾಲಿಗೆ ಬಂದ್ರು. ಹೊಟ್ಟೆ ಉರೀತು, ಅಂದೆ."

ಶಾಹೀನ್ ಅವಳ ಕೈಯಿಂದ ಚಾಕು ತೆಗೆದಿಟ್ಟ. "ಉರೀಲಿ. ಅದು ತಪ್ಪಲ್ಲ. ಆದ್ರೆ ಒಬ್ಬ ವಿಧವೆ ಒಂದು ತಿಂಗಳು ಊರೂರು ಅಲೆದಿದ್ದಾಳೆ, ಆಗದೇ ಇರೋ ಸಾವಿಗೆ ಅತ್ಕೊಂಡು. ಈಗ ಇನ್ನೊಬ್ಬಳು ಬರ್ತಿದ್ದಾಳೆ, ತನ್ನದಲ್ಲದ ಮಗು ನೋಡೋಕೆ. ಭಾನುವಾರ ಅವರ ಮುಂದೆ ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ಬಾಗಿಲ ಸಂದಿನಲ್ಲಿ ಬಿಳಿ ಮುಸುಕು ಕಾಣಿಸಿತು. ಎಲ್ಲ ಕೇಳಿಸಿಕೊಂಡಿದ್ದಳು ಮುದುಕಿ.

"ನಮ್ಮವರಿಗೆ ಮೊದಲನೇ ಕಟ್ಟಳೆ ಏನೇ?" ಎಂದಳು. "ಉಪವಾಸ ಅಲ್ಲ, ಯಾತ್ರೆ ಅಲ್ಲ. ನಾಲಿಗೆ ನಿಜ ಆಡ್ಬೇಕು. ಮೂವತ್ತು ವರ್ಷ ಆಯ್ತು ನಾನು ದೀಕ್ಷೆಯ ಈ ಬಿಳಿ ಬಟ್ಟೆ ತಲೆ ಮೇಲೆ ಹಾಕ್ಕೊಂಡು. ತಮಾಷೆಗೂ ಸುಳ್ಳು ಆಡಿಲ್ಲ. ಈಗ ಊರಲ್ಲೆಲ್ಲ ಭಾನುವಾರ, ಭಾನುವಾರ ಅಂತ ಸಾರಿಕೊಂಡು ಬಂದೆ. ನನ್ನ ಬಾಯಿಂದಲೂ ಸುಳ್ಳು ಹೇಳಿಸಿದೆಯಲ್ಲೇ."

"ಹೇಳ್ತೀನಿ ಅತ್ತೆ. ಭಾನುವಾರ ಹೇಳ್ತೀನಿ."

ನಿಜ ಹೇಳಬೇಕೆಂದರೆ, ಒಂದು ರಾತ್ರಿ ಕಳೆಯುವುದರೊಳಗೆ ನಜ್ಲಾಗೆ ಆ ಯೋಚನೆ ಹಿಡಿಸತೊಡಗಿತ್ತು. ಹೇಳಿದರೆ ಮಾನ ಹೋಗುತ್ತದೆ, ಹೋಗಲಿ. ಗಾಲಿಯಾ ಎಂಬವಳು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತಾಳಲ್ಲ. ಇಬ್ಬರಲ್ಲಿ ಒಬ್ಬಳಾದರೂ ಕಡಿಮೆ. ಶನಿವಾರ ಮನೆ ಗುಡಿಸುವಾಗ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಹೊಂದಿಸುತ್ತ ಹೊಂದಿಸುತ್ತ ಸ್ವಲ್ಪ ಖುಷಿಯೂ ಆಯಿತು.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಒಳಗೆ ಒಲೆ ಉರಿಯುತ್ತಿತ್ತು. ಗಾಲಿಯಾ ನಜ್ಲಾಳ ವಯಸ್ಸಿನವಳೇ, ಕುಳ್ಳಗೆ, ದುಂಡಗೆ, ಕೈಗಳಲ್ಲಿ ತಂಬಾಕು ಎಲೆಯ ಕಲೆ. ಹೊರಗೆ ಬಿಟ್ಟ ಬೂಟುಗಳನ್ನು ಮೂರು ಸಲ ಸರಿಯಾಗಿ ಜೋಡಿಸಿ ಒಳಗೆ ಬಂದಳು. ತನಗೆ ಇಲ್ಲಿ ಕೂರುವ ಹಕ್ಕಿದೆಯೋ ಇಲ್ಲವೋ ಎಂಬಂತೆ ಹಾಸಿನ ಅಂಚಿನಲ್ಲಿ ಕುಳಿತಳು.

"ನಾನೇನೂ ತಂದಿಲ್ಲ" ಎಂದಳು. "ಏನು ತರಬೇಕು ಅಂತ ಗೊತ್ತಾಗ್ಲಿಲ್ಲ. ಉಮ್ ನುಹಾದ್ ಹತ್ರ ಮಗು ಕೇಳೋ ಅಂಗಿ ಇತ್ತು, ರೊಟ್ಟಿ ಇದೆ. ನನ್ನ ಹತ್ರ ಏನಿದೆ? ಅದಕ್ಕೆ ಹೆಸರೂ ಇಟ್ಟಿರಲಿಲ್ಲ."

"ಬಂದದ್ದೇ ಸಾಕು" ಎಂದಳು ಅತ್ತೆ. ಅಂದು ಅವಳ ಬಾಯಿಂದ ಹೊರಟ ಮಾತು ಅದೊಂದೇ.

ಲಮಿಯಾ ಬದ್ರಿಯಾಳ ತೊಡೆಯ ಮೇಲಿಂದ ಹೊಸಬಳನ್ನು ನೋಡಿದಳು. ಗುರುತು ಹಿಡಿಯಲಿಲ್ಲ, ಹತ್ತಿರ ಹೋಗಲಿಲ್ಲ.

"ನೆನಪಿರಲ್ಲ ಬಿಡಿ" ಎಂದು ಗಾಲಿಯಾ ತಾನೇ ಸಮಾಧಾನ ಹೇಳಿದಳು. "ಎರಡು ದಿನದ ಕೂಸಿಗೆ ಏನು ನೆನಪು. ಕಣ್ಣು ಕೂಡ ಸರಿಯಾಗಿ ಬಿಟ್ಟಿರಲಿಲ್ಲ." ಕೈಯನ್ನು ತೊಡೆಗೆ ಒರೆಸಿಕೊಂಡಳು. "ನಮ್ಮ ಮನೇಲಿ ಯಾರೂ ಅದರ ಮಾತು ಎತ್ತಲ್ಲ. ನಾಲ್ಕು ಗಂಡು ಇದಾವಲ್ಲ, ಇನ್ನೇನು ಬೇಕು ನಿನಗೆ ಅಂತಾರೆ. ಅದು ಹೋದ ಮೇಲೆ ಹತ್ತು ದಿನ ಹಾಲು ನಿಲ್ಲಲಿಲ್ಲ. ಕೊಟ್ಟಿಗೆಗೆ ಹೋಗಿ ಗೋಡೆಗೆ ಹಿಂಡಿ ಬರ್ತಿದ್ದೆ. ಅದನ್ನೂ ಯಾರಿಗೂ ಹೇಳಿಲ್ಲ. ಇವರು ಬಾಗಿಲಿಗೆ ಬಂದು ಕೇಳಿದ್ರು ನೋಡಿ, ಎರಡು ದಿನದ ಹೆಣ್ಣುಕೂಸು ಇತ್ತಾ ಅಂತ, ಅವತ್ತೇ ಮೊದಲ ಸಲ 'ಇತ್ತು' ಅಂದೆ."

ಆ ಹತ್ತು ದಿನ ನಜ್ಲಾಳ ಎದೆಯಲ್ಲಿ ಹಾಲಿರಲಿಲ್ಲ. ಮೇಕೆಯ ಹಾಲು ಕಾಯಿಸಿ ಅದರಲ್ಲಿ ಬಟ್ಟೆಯ ಬತ್ತಿ ಅದ್ದಿ ಕುಡಿಸಿದ್ದರು. ಅವಳಿಗೆ ಆ ಗೋಡೆಗೆ ಹಿಂಡಿದ ಹಾಲಿನ ಮೇಲೂ ಹೊಟ್ಟೆಕಿಚ್ಚಾಯಿತು.

ಶಾಹೀನ್ ಕೆಮ್ಮಿದ. ಈಗ ಹೇಳು ಎಂಬ ಕೆಮ್ಮು.

ನಜ್ಲಾ ಬಾಯಿ ತೆರೆದಳು. ಅಷ್ಟರಲ್ಲಿ ಗಾಲಿಯಾ ಮುಂದಕ್ಕೆ ಬಗ್ಗಿದಳು.

"ಒಂದು ಕೇಳ್ಲಾ ತಂಗಿ? ಭಾನುವಾರ ಎಷ್ಟು ಹೊತ್ತಿಗೆ ಹುಟ್ಟಿದ್ದು ಇವಳು?"

"ಯಾಕೆ?"

"ನಾನು ಕಣ್ಣು ಮುಚ್ಚಿಬಿಟ್ಟಿದ್ದೆ ಒಂದು ಗಳಿಗೆ. ಎರಡು ರಾತ್ರಿ ನಿದ್ದೆ ಇರಲಿಲ್ಲ. ಎಚ್ಚರ ಆಗಿ ನೋಡಿದ್ರೆ ಕೂಸು ತಣ್ಣಗಾಗಿತ್ತು. ಕೈಹಿಡಿಯೋರಿಲ್ಲದೆ ಹೋಯ್ತಲ್ಲ ಅಂತ, ಎಲ್ಲಿ ಹೋಯ್ತೋ, ಚಳಿಯಲ್ಲಿ ಯಾರು ಎತ್ಕೊಂಡ್ರೋ ಅಂತ... ಐದು ವರ್ಷ ಆಗ್ತಾ ಬಂತು. ಹೊತ್ತು ತಿಳಿದ್ರೆ ಸಾಕು ನನಗೆ."

ಬೇರೇನೂ ಬೇಡ, ಹಳೆಯ ಮಾತನ್ನೇ ನಜ್ಲಾ ಇನ್ನೊಮ್ಮೆ ಹೇಳಿದ್ದರೂ ಸಾಕಿತ್ತು. ನಿಜ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು, ದೇವರು ಮೆಚ್ಚುತ್ತಿದ್ದ, ಗಂಡ ಮೆಚ್ಚುತ್ತಿದ್ದ, ತನ್ನ ಪಾಲಿನಲ್ಲಿ ಕೈಯಿಡುವವಳು ಒಬ್ಬಳು ಕಡಿಮೆಯಾಗುತ್ತಿದ್ದಳು. ಮೂರು ಲಾಭ ಒಂದು ಮಾತಿನಲ್ಲಿ. ಅವಳು ಗಾಲಿಯಾಳ ಮುಖ ನೋಡಿದಳು. ನೋಡಬಾರದಿತ್ತು.

"ನಿಮ್ಮ ಕೂಸು ಎಷ್ಟು ಹೊತ್ತಿಗೆ ಹೋಯ್ತು ಅಕ್ಕ?" ಎಂದು ಕೇಳಿದಳು.

"ದೀಪ ಹಚ್ಚೋ ಹೊತ್ತು. ಅತ್ತೆ ಲಾಂದ್ರ ತಂದಿಟ್ಟಾಗ ನಾನು ನೋಡಿದ್ದು."

"ಅದೇ ಹೊತ್ತು" ಎಂದಳು ನಜ್ಲಾ. "ನಮ್ಮಮ್ಮನೂ ಆಗಲೇ ದೀಪ ಹಚ್ಚಿದ್ದು. ಹುಟ್ಟುತ್ತಲೇ ನಾನೇ ಎತ್ಕೊಂಡೆ. ಬಿಸಿ ಇದ್ದಳು. ಒಂದು ಗಳಿಗೆಯೂ ಕೆಳಗೆ ಬಿಡಲಿಲ್ಲ."

ಗಾಲಿಯಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಬದ್ರಿಯಾ ಅವಳ ಬೆನ್ನು ಸವರುತ್ತ ತಾನೂ ಅತ್ತಳು. ಶಾಹೀನ್ ಹೆಂಡತಿಯನ್ನು ನೋಡಿದ. ಬೂಟು ಮೆಟ್ಟಿ ಹೊರಗೆ ಹೋಗಿ ಸೌದೆ ಒಡೆಯಲು ಶುರುಮಾಡಿದ. ಸುಳ್ಳು ಆಡದ ಮುದುಕಿ ಬಿಳಿ ಮುಸುಕನ್ನು ಬಾಯಿಯ ಮೇಲೆ ಎಳೆದುಕೊಂಡು, ಬಿಸಿನೀರು ತರುತ್ತೇನೆಂದೂ ಹೇಳದೆ ಎದ್ದು ಬಿಸಿನೀರು ತರಲು ಹೋದಳು.

"ಲಮಿಯಾ" ಎಂದಳು ನಜ್ಲಾ. "ಇವರ ಹತ್ರ ಹೋಗು. ನೀನು ತುಂಬಾ ಚಿಕ್ಕವಳಿದ್ದಾಗ ಎರಡು ದಿನ ಇವರ ಮನೇಲಿದ್ದೆ. ಅಮ್ಮ ಅನ್ನು ಇವರಿಗೆ."

ಹುಡುಗಿ ಬದ್ರಿಯಾಳ ತೊಡೆಯಿಂದ ಇಳಿದು ನಿಂತಳು. ಒಬ್ಬಳನ್ನು ನೋಡಿದಳು, ಇನ್ನೊಬ್ಬಳನ್ನು ನೋಡಿದಳು. ಹೊಸ ಕೆಲಸ ಹೇಳಿದಾಗ ಬರುವ ಬೇಸರ ಅವಳ ಮುಖದಲ್ಲಿ ಬಂತು.

"ಇನ್ನೂ ಎಷ್ಟು ಜನಕ್ಕೆ ಅಮ್ಮ ಅನ್ನಬೇಕು, ನಜ್ಲಾ?"

"ಇವರಿಬ್ಬರಿಗೆ ಅಂದ್ರೆ ಸಾಕು ಕಣೇ" ಎಂದಳು ನಜ್ಲಾ.